ಅಂಟು ಮೆತ್ತುವುದೋ, ಪೂರ್ತಿ ಬದಲಿಸುವುದೋ?

ಕಳೆದ ತಿಂಗಳು ಕುಂಬಳೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ನೈಚೋರ್ ಬರುವ ಮೊದಲೇ ಮಾವನ ಮಗ ನನ್ನ ಪಕ್ಕದ ಕುರ್ಚಿ ಎಳೆದು ಕೂತ. "ನಿನ್ನದು ಮೆಕ್ಯಾನಿಕಲ್ ಅಲ್ವಾ, ಒಂದು ಹೇಳು. ಗಾಡಿಯ ಸ್ಟಿಯರಿಂಗ್ ಹೊಂಡಕ್ಕೆ ಬಿದ್ದಾಗ ಕಟಕಟ ಅಂತದೆ. ಸರ್ವಿಸ್ ಸೆಂಟರಿನವರು ರ್ಯಾಕ್ ಪೂರ್ತಿ ಬದಲಿಸಬೇಕು, 28,000 ಅಂತಾರೆ. ಪೇಟೆಯ ಗ್ಯಾರೇಜಿನವ ಬುಷ್ ಹಾಕಿ ಕೊಡ್ತೇನೆ, 2,500 ಸಾಕು ಅಂದ. ಯಾವುದು ಮಾಡ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಮೇಜು ಎರಡು ಪಕ್ಷವಾಯಿತು. ದುಬೈಯಿಂದ ರಜೆಗೆ ಬಂದಿದ್ದ ಒಬ್ಬರು, "ಸ್ಟಿಯರಿಂಗ್ ವಿಷಯ ಮಾರಾಯ, ಪೂರ್ತಿ ತೆಗೆದು ಬಿಸಾಡು, ಜೀವಕ್ಕಿಂತ ಪೈಸೆ ದೊಡ್ಡದಾ" ಎಂದರು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಬಹಳ ವರ್ಷ ಜೀಪ್ ಓಡಿಸಿದವರು. "28,000ಕ್ಕೆ ನಾನು ಆ ಕಾಲದಲ್ಲಿ ಜೀಪನ್ನೇ ತೆಗೆದಿದ್ದೆ. ಬುಷ್ ಹಾಕ್ಸು, ಸುಮ್ಮನೆ ಕೂರು" ಎಂದರು. ಊಟ ಬರುವವರೆಗೆ ಇದೇ ಮಾತು. ಜೀವದ ಪಕ್ಷ, ಪೈಸೆಯ ಪಕ್ಷ.

ನಾನು ಅವನಲ್ಲಿ ಕೇಳಿದ್ದು ಒಂದೇ. "ಯಾರಾದರೂ ಗಾಡಿಯನ್ನು ಎತ್ತಿ, ಬಿಚ್ಚಿ ನೋಡಿದ್ದಾರಾ?" ಇಲ್ಲವಂತೆ. ಒಬ್ಬರು ಒಂದು ಸುತ್ತು ಓಡಿಸಿ ಎಸ್ಟಿಮೇಟ್ ಪ್ರಿಂಟ್ ಮಾಡಿ ಕೊಟ್ಟರು, ಇನ್ನೊಬ್ಬರು ಚಕ್ರ ಹಿಡಿದು ಅಲ್ಲಾಡಿಸಿ ರೇಟ್ ಹೇಳಿದರು. ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಮದ್ದಿನ ಬೆಲೆಯ ಬಗ್ಗೆ ಜಗಳ.

ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಗಲ್ಫಿನಲ್ಲಿರುವ ಮಗ ವಾಟ್ಸಾಪ್‌ನಲ್ಲಿ "ಎಲ್ಲ ಹೊಸತು ಹಾಕಿಸಿ, ಪೈಸೆ ಕಳಿಸ್ತೇನೆ" ಅನ್ನುತ್ತಾನೆ. ಊರಲ್ಲಿರುವ ಉಪ್ಪ "ಅವನಿಗೆಂತ ಗೊತ್ತು" ಅಂತ ವೆಲ್ಡಿಂಗ್ ಮಾಡಿಸುತ್ತಾರೆ. ನಾನು ಈ ಎರಡೂ ಕಡೆ ಇದ್ದವ. ಡಿಪ್ಲೊಮಾ ಮುಗಿಸಿ ಶಾರ್ಜಾದಲ್ಲಿ ಕೆಲವು ವರ್ಷ ಒಂದು ಕಂಪನಿಯ ಗಾಡಿಗಳ ಮೇಂಟೆನೆನ್ಸ್‌ನಲ್ಲಿದ್ದೆ. 2020ರಲ್ಲಿ ಕೆಲಸ ಹೋಗಿ ಉಪ್ಪಳಕ್ಕೆ ಮರಳಿದೆ, ಈಗ ಉಪ್ಪನ ದಿನಸಿ ಅಂಗಡಿಯಲ್ಲಿದ್ದೇನೆ. ಎರಡೂ ಕಡೆ ಕಲಿತದ್ದು ಸೇರಿದರೂ ಒಮ್ಮೆ ದೊಡ್ಡ ತಪ್ಪು ಮಾಡಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರುವುದು ಬರೀ ಉಪದೇಶವಾಗುತ್ತದೆ.

ಉಪ್ಪನ ಮೊದಲ ಗಾಡಿ ಒಂದು ಹಳೆಯ ಅಂಬಾಸಿಡರ್, ಎಷ್ಟನೆಯ ಕೈಯೋ ಗೊತ್ತಿಲ್ಲ. ಮಂಗಳೂರು ಬಂದರಿನಿಂದ ಅಂಗಡಿಗೆ ಸಾಮಾನು ತರುವುದು ಅದರಲ್ಲೇ. ಅದರ ರೇಡಿಯೇಟರ್ ಆಗಾಗ ಸೋರುತ್ತಿತ್ತು. ಉಪ್ಪ ಅದನ್ನು ಬಿಚ್ಚಿಸಿ ಬೆಸುಗೆಯವರ ಹತ್ತಿರ ಕೊಂಡುಹೋಗುವಾಗ ಹುಡುಗನಾಗಿದ್ದ ನಾನೂ ಜೊತೆಗೆ ಹೋಗುತ್ತಿದ್ದೆ. ಅವರು ಎರಡು ಬಾಯಿಗೂ ಮುಚ್ಚಳ ಹಾಕಿ, ಗಾಳಿ ತುಂಬಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಗುಳ್ಳೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು. ಆಮೇಲೆ ಉಜ್ಜಿ, ಕಾಯಿಸಿ, ಸೀಸದ ಬೆಸುಗೆ. ಸಂಜೆಗೆ ಗಾಡಿ ತಯಾರು. ಆ ರೇಡಿಯೇಟರ್ ತಾಮ್ರ ಹಿತ್ತಾಳೆಯದ್ದು. ಬೆಸುಗೆ ಅದರ ಮೇಲೆ ನಿಲ್ಲುತ್ತದೆ, ಲೋಹಕ್ಕೆ ಲೋಹ ಹಿಡಿಯುತ್ತದೆ. ಹಾಗೆ ಬೆಸುಗೆ ಹಾಕಿದ ಜಾಗ ಮತ್ತೆ ಸೋರಿದ್ದು ನನಗೆ ನೆನಪಿಲ್ಲ. ಅದು ಜಿಪುಣತನ ಆಗಿರಲಿಲ್ಲ. ಆ ವಸ್ತುವಿಗೆ ಸರಿಯಾದ ಕೆಲಸವೇ ಅದು.

ಈಗ ನಮ್ಮಲ್ಲಿರುವುದು ಒಂದು ಸಣ್ಣ ಪೆಟ್ರೋಲ್ ಕಾರು. 2022ರ ಮಳೆಗಾಲ ಶುರುವಾಗುವಾಗ ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ಟ್ಯಾಂಕಿನಲ್ಲಿ ಕೂದಲೆಳೆಯಂಥ ಬಿರುಕು, ಅದರ ಸುತ್ತ ಒಣಗಿದ ಕೂಲೆಂಟಿನ ಹಸಿರು ಕಲೆ. ಈಗಿನ ಕಾರುಗಳ ರೇಡಿಯೇಟರಿನಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕ್ ಪ್ಲಾಸ್ಟಿಕ್. ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು ಲೋಹದ ಅಂಚನ್ನು ಮಡಚಿ ಹಿಡಿಸಿರುತ್ತಾರೆ. ಹೊಸತಕ್ಕೆ ಕೂಲೆಂಟ್, ಕೂಲಿ ಸೇರಿ 4,800 ಆಗುತ್ತದೆ ಎಂದರು. ಎಪಾಕ್ಸಿ ಅಂಟು ಮೆತ್ತಿದರೆ 400. ಉಪ್ಪ ನನ್ನ ಮುಖ ನೋಡಿದರು. "ಮೋನೆ, ಅಂಟು ನಿಲ್ತದಾ?"

ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಾಡಿ ಬಿಸಿಯಾದಾಗ ಒಳಗೆ ಸುಮಾರು 0.9 ಬಾರ್ ಒತ್ತಡ ಏರುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಪ್ಲಾಸ್ಟಿಕ್ ಹಿಗ್ಗುತ್ತದೆ, ಕುಗ್ಗುತ್ತದೆ. ಗಟ್ಟಿಯಾದ ಅಂಟು ಅದರ ಜೊತೆ ಹಿಗ್ಗುವುದಿಲ್ಲ. ಅಷ್ಟೂ ಗೊತ್ತಿದ್ದು ನಾನು "ನೋಡುವಾ, ಸ್ವಲ್ಪ ದಿನ ಹೋಗಲಿ" ಎಂದೆ. ಆ ತಿಂಗಳು ಅಂಗಡಿಯಲ್ಲಿ ವ್ಯಾಪಾರ ಕಡಿಮೆ ಇತ್ತು, ಮಕ್ಕಳ ಶಾಲೆ ಆಗಷ್ಟೇ ಶುರುವಾಗಿತ್ತು. ಮತ್ತೊಂದು ಕಾರಣವೂ ಉಂಟು: ಉಪ್ಪನಿಗೆ ಬೆಸುಗೆಯ ಮೇಲಿದ್ದ ನಂಬಿಕೆಯನ್ನು ಮುರಿಯಲು ನನಗೆ ಮನಸ್ಸು ಬರಲಿಲ್ಲ. ಅವರು ಕೇಳಿದ್ದು ಇಂಜಿನಿಯರನ್ನು, ಉತ್ತರ ಕೊಟ್ಟದ್ದು ಮಗ.

ಅಂಟು ಐದು ವಾರ ನಿಂತಿತು.

ಉಮ್ಮನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ತಲಪಾಡಿಯ ಆಚೆಯೇ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಏನಾಯಿತೆಂದು ಈ ಬರಹ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆ ದಿನಗಳನ್ನು ಕಂಡ ಮನೆಗಳಲ್ಲಿ ಕಾರು ಶೋಕಿಯ ವಸ್ತುವಾಗಿ ಉಳಿದಿಲ್ಲ, ಅದು ನಮ್ಮ ಆಂಬುಲೆನ್ಸ್ ಕೂಡ. ಆ ದಿನ ಬೆಳಿಗ್ಗೆ ಏಳರ ಸರದಿಗೆ ಐದೂಮುಕ್ಕಾಲಿಗೆ ಹೊರಟೆವು. ಉಮ್ಮ ಮುಂದೆ, ನನ್ನ ಹೆಂಡತಿ ಹಿಂದೆ. ತಲಪಾಡಿ ಟೋಲ್ ದಾಟಿ ಕೋಟೆಕಾರು ಬೀರಿ ಹತ್ತಿರ ಬರುವಾಗ ಸಿಹಿ ವಾಸನೆ, ಆಮೇಲೆ ಬಾನೆಟಿನ ಸಂದಿಯಿಂದ ಆವಿ. ಅಂಟು ಎದ್ದು ಹೋಗಿತ್ತು.

ಅಲ್ಲಿಯೇ ನಿಲ್ಲಿಸಬೇಕಿತ್ತು. ನಾನು ಮಾಡಿದ್ದೆಂತ? ಕುಡಿಯಲು ತಂದಿದ್ದ ಎರಡು ಬಾಟಲಿ ನೀರನ್ನು ಬಿಸಿ ಇಂಜಿನಿಗೆ ಹೊಯ್ದು, ತೊಕ್ಕೊಟ್ಟು ತಲುಪಿದರೆ ಸಾಕು ಎಂದು ಓಡಿಸಿದೆ. ಟೆಂಪರೇಚರ್ ಮುಳ್ಳು ಕೆಳಗಿಳಿದಿತ್ತು, ಸರಿಯಾಯಿತು ಅಂದುಕೊಂಡೆ. ಇದನ್ನು ಗಾಡಿ ಓಡಿಸುವ ಎಲ್ಲರೂ ನೆನಪಿಟ್ಟುಕೊಳ್ಳಿ: ನೀರು ಪೂರ್ತಿ ಖಾಲಿಯಾದರೆ ಸೆನ್ಸರಿಗೆ ತಾಗಲು ಬಿಸಿನೀರೇ ಇರುವುದಿಲ್ಲ. ಮುಳ್ಳು ಸುಮ್ಮನೆ ಕೆಳಗೆ ಕೂರಬಹುದು, ಒಳಗೆ ಇಂಜಿನ್ ಬೇಯುತ್ತಿರುತ್ತದೆ. ತೊಕ್ಕೊಟ್ಟು ಬರುವ ಮೊದಲೇ ಗಾಡಿ ಎಳೆಯುವುದನ್ನು ಬಿಟ್ಟಿತು. ಉಮ್ಮನನ್ನೂ ಹೆಂಡತಿಯನ್ನೂ ರಿಕ್ಷಾ ಹತ್ತಿಸಿದೆ. ಅವರು ಮುಟ್ಟುವಾಗ ತಡವಾಗಿತ್ತು, ಏಳರ ಸರದಿಯನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಮಧ್ಯಾಹ್ನದ ಸರದಿಗಾಗಿ ಉಮ್ಮ ಊದಿಕೊಂಡ ಕಾಲನ್ನು ಚಾಚಿ ಒಂದು ಗಂಟೆವರೆಗೆ ಬೆಂಚಿನಲ್ಲಿ ಕೂತಿದ್ದರು. ಮನೆಗೆ ಬಂದ ಮೇಲೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಲ್ಯೂಮಿನಿಯಂ ಹೆಡ್ ಬಾಗಿತ್ತು. ಹೆಡ್ ಎಷ್ಟು ಸಪಾಟಾಗಿರಬೇಕು ಎಂದರೆ, ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಮಿತಿ 0.05 ಮಿಲಿಮೀಟರ್. ತಲೆಕೂದಲಿಗಿಂತ ತೆಳುವಾದ ವ್ಯತ್ಯಾಸ. ಹೆಡ್ ಬಿಚ್ಚಿ, ಲೇತಿನವರಲ್ಲಿ ಮುಖ ಸಾಪು ಮಾಡಿಸಿ, ಗ್ಯಾಸ್ಕೆಟ್, ಆಯಿಲ್, ವಾಲ್ವ್ ಸೀಲ್, ಕೊನೆಗೆ ಅದೇ ಹೊಸ ರೇಡಿಯೇಟರ್, ಎಳೆದು ತಂದ ಬಾಡಿಗೆ. ಉಪ್ಪ ಗಾಡಿಯ ಖರ್ಚನ್ನೂ ಅಂಗಡಿಯ ಪುಸ್ತಕದಲ್ಲೇ ಬರೆಯುವವರು. ಆ ಪುಟದಲ್ಲಿ ಮೇಲೆ 400 ಇದೆ, ನಾಲ್ಕು ಗೆರೆ ಕೆಳಗೆ 21,650 ಇದೆ. ಎರಡೂ ಒಂದೇ ಕೈಬರಹ.

ಇಷ್ಟಾದ ಮೇಲೆ ನಾನು ಪೂರ್ತಿ ಬದಲಿಸುವ ಪಕ್ಷ ಸೇರಿದೆ ಎಂದು ನೀವು ಎಣಿಸಬಹುದು. ಇಲ್ಲ. ಮರುವರ್ಷ ಅದೇ ಗಾಡಿಯಲ್ಲಿ ಬ್ಯಾಟರಿಯ ಕೆಂಪು ದೀಪ ಓಡುವಾಗಲೂ ಉರಿಯತೊಡಗಿತು. ಆಲ್ಟರ್ನೇಟರ್ ಹೋಗಿದೆ, ಹೊಸತಕ್ಕೆ 11,000 ಎಂದರು ಒಂದು ಕಡೆ. ನಾನು ಬಿಚ್ಚಿಸಿ ಪೇಟೆಯ ಆಟೋ ಇಲೆಕ್ಟ್ರಿಷಿಯನ್ ಹತ್ತಿರ ಕೊಂಡುಹೋದೆ. ಕಾರ್ಬನ್ ಬ್ರಷ್ ಸವೆದು ಮೊಳಕೆಯಷ್ಟು ಉಳಿದಿತ್ತು, ಒಂದು ಬೇರಿಂಗ್ ಸದ್ದು ಮಾಡುತ್ತಿತ್ತು. ವೈಂಡಿಂಗ್ ಸರಿ ಇತ್ತು. ಎರಡನ್ನೂ ಬದಲಿಸಿ 900 ತೆಗೆದುಕೊಂಡರು. ಇಂದಿಗೂ ಚಾರ್ಜ್ ಆಗುತ್ತಿದೆ. ಬ್ರಷ್ ಎಂದರೆ ಸವೆಯಲೆಂದೇ ಮಾಡಿದ ವಸ್ತು, ಚಪ್ಪಲಿಯ ಅಟ್ಟೆಯ ಹಾಗೆ. ಅಟ್ಟೆ ಸವೆದರೆ ಕಾಲು ಬದಲಿಸುತ್ತಾರಾ?

ಹಾಗಾದರೆ 400ರ ಅಂಟು ಯಾಕೆ ತಪ್ಪು, 900ರ ಬ್ರಷ್ ಯಾಕೆ ಸರಿ? ಅಂಟು ಮೆತ್ತಿದಾಗ ಕೆಟ್ಟದ್ದು ಹಾಗೆಯೇ ಉಳಿಯಿತು, ಮೇಲಿಂದ ಮುಚ್ಚಿದೆವು ಅಷ್ಟೆ. ಬ್ರಷ್ ಹಾಕಿದಾಗ ಕೆಟ್ಟದ್ದು ಹೊರಗೆ ಬಂತು. ಮತ್ತೆ, ಬ್ರಷ್ ಪುನಃ ಹೋದರೆ ದೀಪ ಉರಿದು ಹೇಳುತ್ತದೆ, ಬ್ಯಾಟರಿಯಲ್ಲಿ ಉಳಿದಷ್ಟರಲ್ಲಿ ಹತ್ತಿರದ ಗ್ಯಾರೇಜ್ ಮುಟ್ಟಬಹುದು. ರೇಡಿಯೇಟರ್ ಹೋದರೆ ಹೋಗುವುದು ಇಂಜಿನ್. ಈಗ ಯಾವ ರಿಪೇರಿ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಈ ರಿಪೇರಿ ಕೈಕೊಟ್ಟರೆ ತನ್ನ ಜೊತೆ ಏನನ್ನು ಎಳೆದುಕೊಂಡು ಹೋಗುತ್ತದೆ, ಆಗ ಗಾಡಿಯಲ್ಲಿ ಯಾರು ಕೂತಿರುತ್ತಾರೆ? ಬೆಲೆ ಆಮೇಲೆ.

ಕೆಲವದರಲ್ಲಿ ಕೇಳುವುದೂ ಬೇಡ. ಬ್ರೇಕ್ ಹೋಸ್ ಬಿರಿದಿದ್ದರೆ, ಟೈ ರಾಡಿನ ತುದಿ ಸಡಿಲವಾಗಿದ್ದರೆ ಹೊಸತು ಹಾಕಿ, ಚರ್ಚೆ ಇಲ್ಲ. ಬ್ರೇಕ್ ಸಿಲಿಂಡರಿಗೆ ರಬ್ಬರ್ ಕಿಟ್ ಹಾಕುವುದು ನಮ್ಮಲ್ಲಿ ಸಾಮಾನ್ಯ. ಒಳಗಿನ ಗೋಡೆ ಕನ್ನಡಿಯಂತೆ ನುಣುಪಾಗಿದ್ದರೆ ಅದು ಸರಿಯೇ. ಕಡಲ ಬದಿಯ ನಮ್ಮ ಹವೆಗೆ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ರಬ್ಬರನ್ನೂ ಅದು ತಿನ್ನುತ್ತದೆ. ಬಿಚ್ಚಿದಾಗ ಬೆರಳಾಡಿಸಿ ನೋಡಿ, ನೀವೇ ನೋಡಿ.

ಕ್ಲಚ್ಚಿನ ಲೆಕ್ಕ ಬೇರೆ. ಪ್ಲೇಟ್ ಒಂದೇ ಸವೆದಿದೆ, ಪ್ರೆಶರ್ ಪ್ಲೇಟೂ ಬೇರಿಂಗೂ "ಇನ್ನೂ ಓಡ್ತದೆ" ಎನ್ನುವ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು. ಆರು ತಿಂಗಳಲ್ಲಿ ಬೇರಿಂಗ್ ಹೋದರೆ ಮತ್ತೆ ಇಳಿಸಬೇಕು, ಮತ್ತೆ ಅಷ್ಟೇ ಕೂಲಿ. ಇಲ್ಲಿ ಪೂರ್ತಿ ಸೆಟ್ ಹಾಕುವವನೇ ಉಳಿಸುತ್ತಾನೆ.

ಬಂಪರ್ ಬಿರಿದರೆ ನಾನು ಪ್ಲಾಸ್ಟಿಕ್ ವೆಲ್ಡಿಂಗೇ ಮಾಡಿಸುವುದು. "ಇನ್ಶೂರೆನ್ಸ್ ಉಂಟಲ್ಲ, ಹೊಸತು ಹಾಕಿಸು" ಅನ್ನುವವರು ಒಂದು ಲೆಕ್ಕ ಹಾಕಿ. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಕಡಿತ. ಜೊತೆಗೆ 1500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದ. 4,000ದ ಬಂಪರಿಗೆ ಸಿಗುವುದು 1,000. ಅದಕ್ಕಾಗಿ ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ. 50ರ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕನ್ನಡಿ, ಬಾಗಿಲು, ಹೆಡ್‌ಲೈಟ್ ಇಂಥವಕ್ಕೆ ಗುಜರಿಯಿಂದ ಒಳ್ಳೆಯದು ಸಿಕ್ಕಿದರೆ ನನಗೆ ನಾಚಿಕೆಯಿಲ್ಲ. ಹಳೆಯ ಬಾಗಿಲಿನಿಂದ ಯಾರೂ ಸಾಯುವುದಿಲ್ಲ.

ಗಲ್ಫಿನವರು "ಎಲ್ಲ ಬದಲಿಸು" ಎನ್ನುವುದು ಅಹಂಕಾರದಿಂದ ಎಂದು ಊರಲ್ಲಿ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ಶಾರ್ಜಾದಲ್ಲಿ ನಮ್ಮ ಕಂಪನಿಯ ಗಾಡಿ ಒಂದು ದಿನ ನಿಂತರೆ ಆಗುವ ನಷ್ಟ ಒಂದು ಆಲ್ಟರ್ನೇಟರಿನ ಬೆಲೆಗಿಂತ ಹೆಚ್ಚು. ಬ್ರಷ್ ಹುಡುಕಿಕೊಂಡು ಕೂರಲು ಅಲ್ಲಿ ಯಾರಿಗೂ ಹೊತ್ತಿಲ್ಲ. ಹಳೆಯದನ್ನು ತೆಗೆ, ಹೊಸತು ಇಡು, ಗಾಡಿ ಹೊರಗೆ ಬಿಡು. ನಾನೇ ನೂರಾರು ಒಳ್ಳೆಯ ಪಾರ್ಟ್ ತೆಗೆದು ಮೂಲೆಗೆ ಹಾಕಿದ್ದೇನೆ. ಅಲ್ಲಿ ಆ ಲೆಕ್ಕ ಸರಿ. ಊರಲ್ಲಿ ಪಾರ್ಟ್ ದುಬಾರಿ, ಕೂಲಿ ಅಗ್ಗ, ಮನೆಯ ಗಾಡಿ ಎರಡು ದಿನ ನಿಂತರೆ ಬಸ್ಸಿನಲ್ಲಿ ಹೋಗಬಹುದು. ಡಯಾಲಿಸಿಸ್ ಇರುವ ಮನೆಯಲ್ಲಿ ಮಾತ್ರ ಆ ಎರಡು ದಿನಕ್ಕೂ ಬೆಲೆ ಉಂಟು. ಒಂದೇ ಬೀದಿಯ ಎರಡು ಮನೆಗೆ ಒಂದೇ ಉತ್ತರ ಹೊಂದುವುದಿಲ್ಲ.

ಇನ್ನು ಕೆಲವರಿಗೆ ಸಿಟ್ಟು ಬರಬಹುದಾದ ಮಾತು. ನಮ್ಮಲ್ಲಿ ಗಾಡಿ ಹೋಗುವುದು ಹೆಚ್ಚಾಗಿ ಗುರುತಿನವರ, ಸಂಬಂಧದವರ ಗ್ಯಾರೇಜಿಗೆ. ನಮ್ಮವನೇ ಎಂದು ಬಿಲ್ ಕೇಳುವುದಿಲ್ಲ, ಹಳೆಯ ಪಾರ್ಟ್ ತೋರಿಸು ಎನ್ನಲು ಸಂಕೋಚ. ಕೆಲಸ ಕೆಟ್ಟರೆ ಅವನ ಎದುರು ಹೇಳುವುದೂ ಇಲ್ಲ, ಮದುವೆ ಮನೆಯಲ್ಲಿ ಬೇರೆಯವರಿಗೆ ಹೇಳುತ್ತೇವೆ. ಇದರಿಂದ ನಮಗೂ ನಷ್ಟ, ಅವನಿಗೂ ನಷ್ಟ. ಬಿಲ್ ಕೇಳಿ. ತೆಗೆದ ಪಾರ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಡಲು ಹೇಳಿ. ಒಳ್ಳೆಯ ಮೇಸ್ತ್ರಿಗೆ ಇದರಿಂದ ಬೇಸರವಾಗುವುದಿಲ್ಲ.

ಹಾಗೆಯೇ ಅವನು ನೋಡಿದ್ದಕ್ಕೂ ಪೈಸೆ ಕೊಡಿ. ನಾನು ಅಂಗಡಿಯವನ ಮಗ, ಇದು ನನಗೆ ಅರ್ಥವಾಗುತ್ತದೆ. ಯಾವ ಅಕ್ಕಿ ಪತ್ತಿರಿಗೆ ಒಳ್ಳೆಯದು, ಯಾವುದು ನೈಚೋರಿಗೆ ಎಂದು ಉಪ್ಪ ಹತ್ತು ನಿಮಿಷ ವಿವರಿಸುತ್ತಾರೆ, ಗಿರಾಕಿ ಹೌದಾ ಎಂದು ಕೇಳಿ ಆಚೆ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆಗೆ ತೆಗೆದುಕೊಳ್ಳುತ್ತಾರೆ. ಗ್ಯಾರೇಜಿನಲ್ಲೂ ಹಾಗೆ. ಒಂದು ಗಂಟೆ ಗಾಡಿಯ ಅಡಿಯಲ್ಲಿ ಮಲಗಿ "ಇದಕ್ಕೇನೂ ಆಗಿಲ್ಲ, ಒಂದು ಬೋಲ್ಟ್ ಸಡಿಲ" ಎಂದು ಬಿಗಿಮಾಡಿ ಕೊಟ್ಟವನಿಗೆ ನಾವು "ಆಯ್ತು, ಬರ್ತೇನೆ" ಎಂದು ಹೊರಡುತ್ತೇವೆ. ಪಾರ್ಟ್ ಹಾಕಿದರೆ ಮಾತ್ರ ಪೈಸೆ ಎಂದಾದರೆ ಅವನು ಪಾರ್ಟನ್ನೇ ಹಾಕುತ್ತಾನೆ. ಅವನಿಗೂ ಮನೆ ಉಂಟು.

ಕೈಯಲ್ಲಿ ಪೈಸೆಯೇ ಇಲ್ಲದಿದ್ದರೆ? ಅದೂ ಸತ್ಯ, ಆ ತಿಂಗಳು ನಮಗೂ ಇರಲಿಲ್ಲ. ಆಗ ಅಂಟೇ ಗತಿ, ನಾನು ದೂರುವುದಿಲ್ಲ. ಆದರೆ ಅಂಟು ಹಾಕಿದ ದಿನವೇ ಅದನ್ನು ಸಾಲವೆಂದು ಬರೆದಿಡಿ, ಉಪ್ಪನ ಪುಸ್ತಕದ ಉದ್ರಿಯ ಹಾಗೆ, ತಾರೀಕು ಸಮೇತ. ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೀರಿನ ಮಟ್ಟ ನೋಡಿ. ಆ ಗಾಡಿಯಲ್ಲಿ ಪೇಟೆಗೆ ಹೋಗಿ, ಆಸ್ಪತ್ರೆಗೆ ಹೋಗಬೇಡಿ. ನಾನು ಆ ಐದು ವಾರದಲ್ಲಿ ಬಾನೆಟ್ ಎತ್ತಿದ್ದು ಎರಡೇ ಸಲ. ಅದೇ ತಿಂಗಳು ನೆಂಟರ ಮದುವೆಯೆಂದು ಸೀಟ್ ಕವರ್ ಬದಲಿಸಿದ್ದೆವು, 3,500. ಉಪ್ಪನ ಪುಸ್ತಕದಲ್ಲಿ ಅದೂ ಇದೆ, ಆ 400ರ ಮೇಲಿನ ಗೆರೆಯಲ್ಲಿ.

ಮಾವನ ಮಗನ ಸ್ಟಿಯರಿಂಗ್ ಎಂತ ಆಯಿತು ಎಂದು ಕೇಳುತ್ತೀರಿ. ಮರುವಾರ ಅವನೊಟ್ಟಿಗೆ ನಾನೂ ಹೋದೆ. "ನೋಡಿದ್ದಕ್ಕೆ 500 ಕೊಡ್ತೇವೆ, ಎತ್ತಿ ನೋಡಿ" ಎಂದು ಮೊದಲೇ ಹೇಳಿದೆವು. ಗಾಡಿ ಎತ್ತಿದರು. ರ್ಯಾಕಿನ ಎರಡು ಬದಿಯ ರಬ್ಬರ್ ಬೂಟನ್ನು ಸರಿಸಿದರೆ ಒಳಗೆ ಗ್ರೀಸ್ ಇತ್ತು, ತುಕ್ಕಿನ ಸುಳಿವಿಲ್ಲ, ಕೈಯಲ್ಲಿ ಎಳೆದಾಡಿದರೆ ಅಲುಗಾಟ ಇಲ್ಲ. ಸದ್ದು ಬರುತ್ತಿದ್ದದ್ದು ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡಿನಿಂದ, ಎರಡೂ ಕಡೆಯದ್ದು ಸವೆದಿತ್ತು. ಅದು ರಿಪೇರಿಯಾಗುವ ವಸ್ತುವಲ್ಲ, ಜೋಡಿಯಾಗಿ ಬದಲಿಸಿದರು, ಕೂಲಿ ಸೇರಿ 1,900. ಜೊತೆಗೆ ಆ 500. ಸದ್ದು ನಿಂತಿದೆ. ಅವನು ಮಾತ್ರ ದಾರಿಯುದ್ದಕ್ಕೂ ಹೇಳುತ್ತಾ ಬಂದ: "ಆ 500 ಕೊಡದಿದ್ದರೂ ಅವನು ನೋಡ್ತಿದ್ದ ಮಾರಾಯ."